ಅತ್ತೆ ಕಾಲಿನಿಂದ ಆರಿಸಿದ ನೆಲ

ಹಳೇ ಹುಬ್ಬಳ್ಳಿಯ ನಮ್ಮ ಮನೆಗೆ ಅಜ್ಜನ ಕಾಲದಲ್ಲಿ ಹಾಸಿದ್ದು ಶಹಾಬಾದಿ ಫರಸಿ ಕಲ್ಲು. ಹೋದ ಮಳೆಗಾಲದಲ್ಲಿ ಪಡಸಾಲೆಯ ಕಲ್ಲುಗಳು ಕುಸಿದು ಅಂಚುಗಳು ಎದ್ದು ನಿಂತವು. ನಮ್ಮ ಜೊತೆಗೇ ಇರುವ ಸೋದರತ್ತೆ, ಅಂದರೆ ಅಪ್ಪನ ಅಕ್ಕ, ಎಡವಿ ಬಿದ್ದರು. ಅವರಿಗೆ ಕಣ್ಣು ಕಾಣುವುದಿಲ್ಲ. ಇನ್ನು ತಡಮಾಡುವುದು ಬೇಡ, ಫರಸಿ ಕಿತ್ತು ಟೈಲ್ಸ್ ಹಾಕಿಸೋಣವೆಂದು ನಾನೂ ನನ್ನ ಹೆಂಡತಿಯೂ ಅಂದೇ ನಿಶ್ಚಯಿಸಿದೆವು.

ಸುದ್ದಿ ಕೇಳಿ ಅತ್ತೆ ಖುಷಿಪಡಲಿಲ್ಲ. ಊಟವಾದ ಮೇಲೆ ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡರು.

“ಬ್ಯಾಡ ಅನ್ನಂಗಿಲ್ಲ, ಹಾಕಸ್ರಿ. ಆದ್ರ ಎಲ್ಲಾ ಕಡೆ ಒಂದ ನಮೂನಿ ಹಾಕಿದ್ರ, ನಾ ಎಲ್ಲಿ ನಿಂತೇನಿ ಅಂತ ನನಗ ಹೆಂಗ ತಿಳೀಬೇಕೋ ತಮ್ಮಾ?”

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಅವರ ಕೈ ಹಿಡಿದು, ಕಣ್ಣು ಮುಚ್ಚಿ, ಬರಿಗಾಲಲ್ಲಿ ಮನೆಯೆಲ್ಲ ಸುತ್ತಿದೆ. ಅಡುಗೆಮನೆಯ ಬಾಗಿಲ ಬಳಿ ಒಂದು ತಗ್ಗು ಸಿಕ್ಕಿತು. ಅಜ್ಜಿ ಅಲ್ಲೇ ಒರಳಿಟ್ಟು ಶೇಂಗಾ ಚಟ್ನಿಪುಡಿ, ನಮ್ಮ ಕಡೆಯ ಹಿಂಡಿ, ಕುಟ್ಟುತ್ತಿದ್ದರು. ನಾವು ಮಕ್ಕಳು ರೊಟ್ಟಿ ಹಿಡಿದು ಸುತ್ತ ಕಾಯುತ್ತಿದ್ದೆವು. ಪಡಸಾಲೆಯ ಕಿಟಕಿಯ ಕೆಳಗಿನ ಕಲ್ಲುಗಳು ಮಾತ್ರ ತೀರಾ ನುಣುಪು. ಸಂಜೆಯ ಪ್ರಾರ್ಥನೆಗೆ ಮನೆಮಂದಿಯೆಲ್ಲ ಮೊಣಕಾಲೂರುತ್ತಿದ್ದದ್ದು ಅಲ್ಲಿ. ಅಪ್ಪನ ಪ್ರಾರ್ಥನೆ ಉದ್ದವಾದಾಗ ನಾನು ಅತ್ತೆಯ ಸೆರಗನ್ನು ಮೆಲ್ಲಗೆ ನನ್ನ ಮೊಣಕಾಲ ಕೆಳಗೆ ಎಳೆದುಕೊಳ್ಳುತ್ತಿದ್ದೆ. ಅವರಿಗೆ ಗೊತ್ತಾಗುತ್ತಿತ್ತು. ಆದರೂ ಆಮೆನ್ ಅನ್ನುವವರೆಗೆ ಅಲುಗಾಡುತ್ತಿರಲಿಲ್ಲ.

ಶನಿವಾರ ಅತ್ತೆಯನ್ನೂ ಆಟೋದಲ್ಲಿ ಟೈಲ್ಸ್ ಅಂಗಡಿಗೆ ಕರೆದುಕೊಂಡು ಹೋದೆವು. ಅಂಗಡಿಯವನು ಬಣ್ಣ, ಹೊಳಪು ಎಂದು ವಿವರಿಸುತ್ತಲೇ ಇದ್ದ. ಅತ್ತೆ ಚಪ್ಪಲಿ ಕಳಚಿ, ಮಾದರಿಗಳನ್ನು ನೆಲದ ಮೇಲೆ ಇಡಿಸಿ, ನನ್ನ ತೋಳು ಹಿಡಿದು ಒಂದೊಂದರ ಮೇಲೂ ನಿಂತರು. ಗಿರಾಕಿಗಳು ತಿರುಗಿ ನೋಡಿದಾಗ ನನಗೆ ಮುಜುಗರವಾಯಿತು. ಅತ್ತೆ ಆರಾಮಾಗಿ ಬಚ್ಚಲಿಗೆ ಒರಟಾದದ್ದು, ಅಡುಗೆಮನೆಗೆ ಸಣ್ಣ ಗೆರೆಗಳಿದ್ದದ್ದು, ಪಡಸಾಲೆಗೆ ಮಟ್ಟಸವಾದದ್ದು ಎಂದು ಆರಿಸಿದರು. ತಮ್ಮ ಕೋಣೆಗೆ ಮಾತ್ರ ಯಾವುದನ್ನೂ ಒಪ್ಪಲಿಲ್ಲ.

“ಅಲ್ಲಿ ಆ ಕಿಡಕಿ ಬುಡದ ಫರಸೀನ ತಂದು ಕೂಡಸ್ರಿ. ಬ್ಯಾಸಗ್ಯಾಗ ತಂಪ ಇರ್ತದ,” ಎಂದರು.

ಹಾಗೆಯೇ ಮಾಡಿಸಿದೆವು. ಕೆಲಸ ಮುಗಿದ ಹೊಸತರಲ್ಲಿ ಅವರು ಗೋಡೆ ಹಿಡಿದು, ಹೆಬ್ಬೆರಳಿನಿಂದ ತಡವಿ ತಡವಿ ಹೆಜ್ಜೆ ಇಡುತ್ತಿದ್ದರು. ಒಮ್ಮೆ ಅಡುಗೆಮನೆಯೆಂದು ಬಚ್ಚಲಿಗೆ ಹೋಗಿ, ತಾವೇ ನಕ್ಕು ತಿರುಗಿ ಬಂದರು. ಈಗ ಗೋಡೆ ಮುಟ್ಟುವುದಿಲ್ಲ. ನಾಲ್ಕು ಗಂಟೆಗೆ ಸೀದಾ ಅಡುಗೆಮನೆಗೆ ನಡೆದು ಹೋಗಿ, ಚಹಾಕ್ಕೆ ಇಟ್ಟೀರೇನು ಎಂದು ನನ್ನ ಹೆಂಡತಿಯನ್ನು ಕೇಳುತ್ತಾರೆ.