ಕಬ್ಬಿನ ಬಿಲ್ಲು ಬಂದ ದಿನ

ಇಸ್ಪೀಟಿನಲ್ಲಿ ಅದೃಷ್ಟ ಬೇಕು ಅನ್ನುವವರನ್ನು ಕಂಡರೆ ನನಗೆ ನಗು. ಅದೃಷ್ಟ ಅಂತೆ, ಮಣ್ಣಂಗಟ್ಟಿ! ಯಾರ ಕೈಗೆ ಯಾವತ್ತು ದುಡ್ಡು ಬರುತ್ತದೆ, ಯಾರಿಗೆ ಎಲ್ಲಿ ಚುಚ್ಚಿದರೆ ರೋಷ ಏರುತ್ತದೆ, ಇಷ್ಟು ಗೊತ್ತಿದ್ದರೆ ಸಾಕು. ನಾನು ಗೆಜ್ಜಲಗೆರೆಯ ಗಾರ್ಮೆಂಟ್ಸಿನಲ್ಲಿ ತಿಂಗಳ ಸಂಬಳದವನು. ಇನ್ನೂರು ಹೋದರೆ ಎದ್ದು ಬರುತ್ತೇನೆ. ಅಕ್ಕನ ಗಂಡ ಹಾಗಲ್ಲ. ಕೆರಗೋಡಿನ ಪಕ್ಕದೂರಲ್ಲಿ ಕಬ್ಬು ಬೆಳೆಯುವ ಮನುಷ್ಯ. ವರ್ಷವೆಲ್ಲ ಬೀಡಿಗೂ ಹಿಂದೆಮುಂದೆ ನೋಡಿ, ಸಕ್ಕರೆ ಫ್ಯಾಕ್ಟರಿಯ ಬಿಲ್ಲು ಬಂದ ದಿನ ದೊರೆಯಾಗುತ್ತಿದ್ದ. ನಾಲ್ಕು ಜನರೆದುರು ಯಾರಾದರೂ ನಕ್ಕರಂತೂ ತಡೆದುಕೊಳ್ಳುತ್ತಿರಲಿಲ್ಲ.

ಹೋದ ವರ್ಷ ಅವರ ಮಗಳಿಗೆ ಮಂಡ್ಯದಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಫೀಸಿಗೆ ಕಬ್ಬಿನ ದುಡ್ಡೇ ಗತಿ. ಅಕ್ಕ ನನ್ನ ಮನೆ ಬಾಗಿಲಿಗೆ ಬಂದಳು.

“ನಾಳೆ ಬಿಲ್ಲು ಬತ್ತದೆ ಕಣ್ಲಾ. ನಾಕು ದಿನ ನಮ್ಮೂರ ಕಡೆ ತಲೆ ಆಕ್ಬ್ಯಾಡ. ಸೋಮವಾರ ಫೀಸು ಕಟ್ಬುಟ್ರೆ ಆಮೇಕೆ ಏನಾದ್ರೂ ಮಾಡ್ಕಳಿ.”

“ಆಯ್ತು ಬುಡಕ್ಕ” ಅಂದೆ. ಅವಳು ತಂದಿದ್ದ ಕೋಳಿ ಸಾರನ್ನು ಚಪ್ಪರಿಸಿ ಉಂಡೆ. ಮಾರನೇ ದಿನ ರಜೆ ಹಾಕಿದೆ.

ಬಾವ ಬ್ಯಾಂಕಿನಿಂದ ಬರುವ ದಾರಿಯಲ್ಲೇ, ಪಂಪ್‌ಸೆಟ್ ಮನೆಯ ನೆರಳಲ್ಲಿ, ನಾನೂ ನನ್ನ ಆಟದ ಗೆಳೆಯರೂ ಇಸ್ಪೀಟೆಲೆ ಹಾಕುತ್ತಾ ಕೂತಿದ್ದೆವು. ಪಾಪ, ತಲೆ ತಗ್ಗಿಸಿಕೊಂಡು ದಾಟಿಯೇ ಹೋಗಿದ್ದ.

“ಓಗ್ಲಿ ಬುಡ್ರಲಾ, ಅಕ್ಕ ಬೈತಾಳೆ ಅವ್ರಿಗೆ” ಅಂದೆ. ಎಲ್ಲರೂ ನಕ್ಕರು. ಬಾವ ತಿರುಗಿ ಬಂದ.

ಮಧ್ಯಾಹ್ನದೊಳಗೆ ಅವನ ದುಡ್ಡಿನ ಚೀಲ ಬರಿದಾಯಿತು. ಅವನು ಸೋತಾಗಲೆಲ್ಲ ನಾನು “ಸಾಕು ಬಾವ, ಏಳಿ” ಅನ್ನುತ್ತಿದ್ದೆ. ಹಾಗಂದರೆ ಅವನು ಏಳುವವನಲ್ಲ. ದೊಡ್ಡ ಪಾಲು ನನ್ನ ಜೇಬಿಗೇ ಬಂತು. ಸುದ್ದಿ ತಿಳಿದು ಓಡಿಬಂದ ಅಕ್ಕ “ನಿನ್ ಮನೆ ಆಳಾಗೋಗ!” ಎಂದು ಮಣ್ಣು ತೂರಿದಳು. ನನಗೇನೂ ಅನ್ನಿಸಲಿಲ್ಲ, ಸುಳ್ಳು ಯಾಕೆ ಹೇಳಲಿ.

ಸೀಟು ಬೇರೆಯವರ ಪಾಲಾಯಿತು. ಹುಡುಗಿ ನಮ್ಮ ಫ್ಯಾಕ್ಟರಿಗೇ ಹೊಲಿಗೆಗೆ ಸೇರಿದಳು. ಅಕ್ಕ ನನ್ನ ಹೆಸರೆತ್ತಿರಲಿಲ್ಲವೇನೋ, ತಪ್ಪೆಲ್ಲ ಅಪ್ಪನದೇ ಅಂದುಕೊಂಡಿತ್ತು ಆ ಕೂಸು. ಮೊದಲ ದಿನ ಬಸ್ಸಿನಲ್ಲಿ ನನ್ನ ಪಕ್ಕವೇ ಕೂತಳು.

“ಮಾವ, ಸಂಬ್ಳ ಯಾವತ್ತು ಕೊಡ್ತಾರೆ?”

“ಏಳ್ನೇ ತಾರೀಕು.”

“ಅಪ್ಪಂಗೆ ಏಳ್ಬ್ಯಾಡಿ. ಕೂಡಾಕ್ಕಂಡು ಬರೋ ವರ್ಸ ನಾನೇ ಫೀಸು ಕಟ್ತೀನಿ.”

“ಛೇ, ನಾನ್ಯಾಕವ್ವ ಏಳ್ಲಿ” ಅಂದೆ.

ಆರನೇ ತಾರೀಕು ಸಂಜೆ ಬಾವನನ್ನು ಹುಡುಕಿಕೊಂಡು ಗದ್ದೆಗೆ ಹೋದೆ. ನೀರು ಕಟ್ಟುತ್ತಿದ್ದವನು ಮುಖ ತಿರುಗಿಸಿದ.

“ನಾಳೆ ಮಗ್ಳ ಸಂಬ್ಳ ಬತ್ತದೆ ಬಾವ” ಅಂದೆ.