ಕೂಗದ ಕಾರು, ಕಚ್ಚು ಬಿದ್ದ ಕಟಿಂಗ್ ಪ್ಲೇಯರ್

ಹದಿಮೂರು ವರ್ಷಗಳ ಹಿಂದೆ ನನ್ನ ಹೆಂಡತಿಯ ತಮ್ಮ ನನ್ನ ಕಟಿಂಗ್ ಪ್ಲೇಯರನ್ನು ಕೇಳಿ ಒಯ್ದು, ಅದರ ಅಲಗಿನಲ್ಲಿ ಒಂದು ಕಚ್ಚು ಬೀಳಿಸಿ ಹಿಂತಿರುಗಿಸಿದ. "ಮೊದಲಿಂದ ಹಂಗ ಇತ್ತು, ಭಾವ" ಎಂದ. ಇರಲಿಲ್ಲ. ಅಂದಿನಿಂದ ಅದನ್ನು ನಾನು ಮತ್ತೊಬ್ಬರ ಕೈಗೆ ಕೊಟ್ಟಿಲ್ಲ. ಇದನ್ನರಿಯದ ಬಂಧುಗಳೇ ಇಲ್ಲ.

ಕಳೆದ ಆಯುಧಪೂಜೆಗೆ ಅವನು ಸಿರುಗುಪ್ಪದಿಂದ ಬಳ್ಳಾರಿಯ ನಮ್ಮ ಮನೆಗೆ ಬಾಳೆಕಂದು ತಂದ. ಹಿಂದಿನ ವರ್ಷ ಅವನು ಸೆಣಬಿನ ಹುರಿಯಲ್ಲಿ ಕಟ್ಟಿದ್ದ ಕಂದು ಕಂಟೋನ್ಮೆಂಟಿನ ನಡುರಸ್ತೆಯಲ್ಲಿ ಕಳಚಿ ಬಿದ್ದು, ಅದನ್ನು ಎಮ್ಮೆಯೊಂದು ನನ್ನ ಕಣ್ಣೆದುರೇ ತಿಂದಿತ್ತು. ಆದ್ದರಿಂದ ಈ ಸಲ ಕಬ್ಬಿಣದ ಬೈಂಡಿಂಗ್ ತಂತಿಯಿಂದಲೇ ಬಿಗಿಯಬೇಕೆಂದು ಕಟ್ಟಪ್ಪಣೆ ಮಾಡಿದೆ. ಕಾರಿನ ಮುಂದಿನ ಜಾಲರಿಯೊಳಗೆ ತಂತಿ ತೂರಿಸಿ ಅವನು ಬಿಗಿದ. ಮೂರನೆಯ ದಿನ ಒಣಗಿದ ಕಂದುಗಳು ಇಳಿದವು. ಅಂದಿನಿಂದ ಕಾರಿನ ಅಲಾರಂ ಮೂಕವಾಯಿತು.

ನಮ್ಮ ಮನೆಗೆ ಶೆಡ್ಡಿಲ್ಲ. ಕಾರು ಸತ್ಯನಾರಾಯಣಪೇಟೆಯ ಬೀದಿಯಲ್ಲೇ ನಿಲ್ಲುತ್ತದೆ. ಒಮ್ಮೆ ಅದರ ಬ್ಯಾಟರಿ ಕಳುವಾದ ಮೇಲೆಯೇ ನಾನು ಅಲಾರಂ ಹಾಕಿಸಿದ್ದು. "ನಿಮ್ಮ ಕಾರು ಕದ್ದಾವ ತಾನ ತಂದು ಬಿಟ್ಟು ಹೋಗ್ತಾನ, ಭಾವ" ಎಂದು ಆಗ ನಕ್ಕವನೂ ಅವನೇ.

ನಾನು ಕ್ರಮವಾಗಿ ಪರೀಕ್ಷಿಸಿದೆ. ರಿಮೋಟಿನ ಸೆಲ್ ಬದಲಾಯಿಸಿದೆ. ಫ್ಯೂಸ್ ತೆಗೆದು ನೋಡಿದೆ, ಸರಿಯಿತ್ತು. ಗುಂಡಿ ಒತ್ತಿದರೆ ದೀಪಗಳು ಮಿನುಗುತ್ತಿದ್ದವು, ಬಾಗಿಲಿಗೆ ಬೀಗ ಬೀಳುತ್ತಿತ್ತು, ಸೈರನ್ ಮಾತ್ರ ಕೂಗುತ್ತಿರಲಿಲ್ಲ. ಅಂದರೆ ದೋಷ ಸೈರನ್ನಿನಲ್ಲಿ, ಇಲ್ಲವೇ ಅದಕ್ಕೆ ಹೋಗುವ ವೈರಿನಲ್ಲಿ. ಆ ವೈರು ಹಾದುಹೋಗುವುದು ಜಾಲರಿಯ ಹಿಂಬದಿಯಲ್ಲಿ. ಅಪರಾಧಿ ಯಾರೆಂಬುದರಲ್ಲಿ ನನಗೆ ಇನ್ನು ಸಂಶಯವಿರಲಿಲ್ಲ.

ಅದೇ ವಾರ ಅವನ ಮೊಮ್ಮಗಳ ತೊಟ್ಟಿಲ ಶಾಸ್ತ್ರ. ತಪ್ಪೊಪ್ಪದ ಹೊರತು ಸಿರುಗುಪ್ಪದ ಹೊಸ್ತಿಲು ತುಳಿಯುವುದಿಲ್ಲವೆಂದು ಸಾರಿದೆ.

"ಅಲ್ರೀ, ಕೂಸು ಏನು ಮಾಡೇತಿ ನಿಮಗ?" ಎಂದಳು ಹೆಂಡತಿ. "ನಮ್ಮ ತಮ್ಮನ ಮನ್ಯಾಗ ಮೊದಲನೇ ತೊಟ್ಟಿಲು. ಕೂಸಿನ ತಲಿಗೆ ನಾ ಕಟ್ಟಬೇಕಾದ ಕುಲಾವಿ, ನಾ ಹಾಡಬೇಕಾದ ಹಾಡು. ನಿಮ್ಮ ಕಾರು ಕೂಗಲಿಲ್ಲಂತ ನಾ ಸುಮ್ಮನಿರಬೇಕೇನು?"

ಕೊನೆಗೆ, ಶಾಸ್ತ್ರದ ದಿನ ಬೆಳಿಗ್ಗೆ ಕುರುಗೋಡಿನಲ್ಲಿ ನ್ಯಾಯ ತೀರ್ಮಾನವಾಗಬೇಕೆಂದು ಒಪ್ಪಂದವಾಯಿತು. ಅಲಾರಂ ಕೂಡಿಸಿದ್ದ ಎಲೆಕ್ಟ್ರಿಷಿಯನ್ ಅಲ್ಲಿ ಟ್ರ್ಯಾಕ್ಟರ್ ವೈರಿಂಗ್ ಮಾಡಿಕೊಂಡಿದ್ದಾನೆ. ಇಬ್ಬರ ಕಡೆಯವನೂ ಅಲ್ಲ. ಭಾಮೈದ ಮನೆತುಂಬ ನೆಂಟರನ್ನು ಬಿಟ್ಟು ಬೈಕಿನ ಮೇಲೆ ಬಂದ.

"ಬರ್ರಿ ಭಾವ. ಕೈದಿ ಹಾಜರ್ ಅದಾನ."

ಎಲೆಕ್ಟ್ರಿಷಿಯನ್ ಟೆಸ್ಟ್ ಲ್ಯಾಂಪ್ ಹಿಡಿದು ವೈರಿನುದ್ದಕ್ಕೂ ಚುಚ್ಚುತ್ತ ಹೋದ. ಜಾಲರಿಯವರೆಗೆ ದೀಪ ಹತ್ತಿತು, ಅದರಾಚೆ ಮಂಕಾಗಿ ಮಿಣುಕಿತಷ್ಟೇ. ಬೆರಳು ತೂರಿಸಿ ವೈರನ್ನು ಹೊರಗೆಳೆದ.

"ಯಾರೋ ಕಟ್ ಮಾಡ್ಯಾರ ನೋಡ್ರಿ. ಪೂರಾ ಅಲ್ಲ, ಒಂದು ಎಳಿ ಉಳದೈತಿ. ಒಂದು ಎಳಿ ಮ್ಯಾಲ ಸೈರನ್ ಎಲ್ಲಿ ಕೂಗಬೇಕು?"

"ನಾ ಕಟ್ಟೀನಿ ಖರೆ, ಕತ್ತರಿಸಿಲ್ಲ" ಎಂದ ಭಾಮೈದ.

ಸುತ್ತಲೂ ನುಣ್ಣಗೆ ತುಂಡಾಗಿ ಒಂದೇ ಎಳೆ ಉಳಿದ ಆ ವೈರನ್ನು ನೋಡಿದೊಡನೆ ಎಲ್ಲವೂ ತಿಳಿದಿತ್ತು. ಒಣಗಿದ ಕಂದುಗಳನ್ನು ಇಳಿಸಿದವನು ನಾನು. ಬೈಂಡಿಂಗ್ ತಂತಿ ಕತ್ತರಿಸುವಾಗ ಅದರೊಡನೆ ಇದೂ ಪ್ಲೇಯರಿಗೆ ಸಿಕ್ಕಿಕೊಂಡಿರಬೇಕು. ಜಗತ್ತಿನಲ್ಲಿ ಹೀಗೆ ಎಳೆಯೊಂದನ್ನು ಉಳಿಸಿ ಕತ್ತರಿಸುವ ಅಲಗು ಒಂದೇ. ಅದನ್ನು ನಾನು ಯಾರಿಗೂ ಕೊಡುವುದಿಲ್ಲವೆಂದು ಹದಿಮೂರು ವರ್ಷಗಳಿಂದ ನಾನೇ ಸಾರುತ್ತ ಬಂದಿದ್ದೇನೆ.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಹೆಂಡತಿ ಹಿಂದಿನ ಸೀಟಿನಲ್ಲಿ ಕುಲಾವಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ಡಿಕ್ಕಿಯಿಂದ ಪ್ಲೇಯರ್ ತಂದೆ. ಎಲೆಕ್ಟ್ರಿಷಿಯನ್‌ನಿಂದ ಒಂದು ತುಂಡು ವೈರು ಬೇಡಿ, ಎಲ್ಲರೆದುರು ಕತ್ತರಿಸಿದೆ. ಕಚ್ಚಿನ ಜಾಗದಲ್ಲಿ ಒಂದು ಎಳೆ ಉಳಿಯಿತು.

"ತಪ್ಪು ನನ್ನದು" ಎಂದೆ.

ಭಾಮೈದ ಎರಡೂ ವೈರುಗಳನ್ನು ಪಕ್ಕಪಕ್ಕ ಹಿಡಿದು ನೋಡಿದ. ಆಮೇಲೆ ನಗತೊಡಗಿದವನು ಕೂರಲು ಸ್ಟೂಲು ಹುಡುಕಬೇಕಾಯಿತು. "ಅರ್ಧ ತಪ್ಪು ನಂದೂ ಐತಿ ಬಿಡ್ರಿ ಭಾವ. ಆ ಕಚ್ಚು ಬೀಳಿಸಿದಾವ ನಾನ."

ಹದಿಮೂರು ವರ್ಷಗಳ ನಂತರ! ನನಗೆ ಕೋಪ ಬರಬೇಕಿತ್ತು. ಬಂದದ್ದು ನಗು.

ವೈರು ಬೆಸೆದು ಟೇಪು ಸುತ್ತಿದ ಮೇಲೆ ಎಲೆಕ್ಟ್ರಿಷಿಯನ್ ಬಾನೆಟ್ ಮೇಲೆ ಒಂದು ಗುದ್ದು ಹಾಕಿದ. ಎದುರಿನ ಹೋಟೆಲಿನವರ ಕೈಯ ಚಹಾ ತುಳುಕುವಂತೆ ಕಾರು ಅರಚಿತು. ಹೆಂಡತಿ ಕಿವಿ ಮುಚ್ಚಿಕೊಂಡು, "ಸಾಕು ಮಾಡ್ರೀ, ತೊಟ್ಟಿಲದ ಹೊತ್ತಾತು!" ಎಂದು ನಗುತ್ತ ಕೂಗಿದಳು.

ಸಿರುಗುಪ್ಪದಲ್ಲಿ ಅವಳು ಕುಲಾವಿ ಕಟ್ಟಿ, ಐದು ಹಾಡು ಹಾಡಿದಳು. ಅದಕ್ಕೆ ಮೊದಲು, ತೊಟ್ಟಿಲಿಗೆ ಹೂವಿನ ಸರವನ್ನು ತಂತಿಯಿಂದ ಬಿಗಿಯಲು ಭಾಮೈದ ಪ್ಲೇಯರ್ ಕೇಳಿದ. ಕೊಟ್ಟೆ. ಸಂಜೆ ಹಿಂತಿರುಗಿಸಿದಾಗ ಅಲಗನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿದೆ. ಹೊಸ ಕಚ್ಚು ಇರಲಿಲ್ಲ.