ಕೇಳದೆ ಮುಚ್ಚಿದ್ದು

ಮೊನ್ನೆ ಮನೆಯಲ್ಲಿ ಲ್ಯಾಪ್‌ಟಾಪ್ ಆರಿಸಲು ಹೋದೆ. ಯಾವುದೋ ಪ್ರೋಗ್ರಾಂ ಇನ್ನೂ ತೆರೆದಿದೆ, ಆದರೂ ಮುಚ್ಚಿಬಿಡಲೇ ಎಂದು ಕೇಳಿತು. ಇಂಥದ್ದು ಕಂಡರೆ ಎಲ್ಲರೂ ಹೂಂ ಎಂದು ಒತ್ತಿ ಎದ್ದು ಹೋಗುತ್ತಾರೆ. ನಾನು ಮಾತ್ರ ಅಡುಗೆಮನೆಯ ತನಕ ಹೋಗಿ, "ಇದರಲ್ಲಿ ಏನಾದರೂ ಬರೆದಿಟ್ಟಿದ್ದೀಯಾ?" ಎಂದು ವಿಚಾರಿಸಿ ಬರುತ್ತೇನೆ. "ಪ್ರೋಗ್ರಾಂ ಬರೆಯೋರು ನೀವು, ನನ್ನೇನ್ ಕೇಳ್ತೀರಿ?" ಎಂದು ಹೆಂಡತಿ ಗದರುತ್ತಾಳೆ. ಅವಳಿಗೆ ರಂಗಪ್ಪನವರ ವಿಷಯ ಗೊತ್ತಿಲ್ಲ. ಮನೆಯಲ್ಲಿ ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತೇನೆ.

ಹತ್ತು ಹನ್ನೆರಡು ವರ್ಷದ ಹಿಂದೆ ದೊಡ್ಡಬಳ್ಳಾಪುರದ ಒಂದು ಪವರ್‌ಲೂಮ್ ಶೆಡ್ಡಿನಲ್ಲಿ ನನಗೆ ಕೆಲಸ ಸಿಕ್ಕಿತ್ತು. ಸೀರೆಯ ಡಿಸೈನನ್ನು ಕಂಪ್ಯೂಟರಿನಿಂದ ಮಗ್ಗಕ್ಕೆ ದಾಟಿಸುವ ಪ್ರೋಗ್ರಾಂ ಬರೆದುಕೊಡಬೇಕು. ಯಜಮಾನರಿಗೆ ಒಪ್ಪಿಗೆಯಾದರೆ ದುಡ್ಡು ಉಂಟು, ಇಲ್ಲವಾದರೆ ಇಲ್ಲ. ಅದೇ ಕಂಪ್ಯೂಟರಿನಲ್ಲಿ ಡಿಸೈನ್ ಬಿಡಿಸುತ್ತಿದ್ದವರು ರಂಗಪ್ಪ. ಐವತ್ತು ದಾಟಿದವರು, ಅಲ್ಲಿಯವರೆಗೆ ಚೌಕದ ಹಾಳೆಯ ಮೇಲೆ ಪೆನ್ಸಿಲ್ಲಿನಲ್ಲಿ ಬಾರ್ಡರ್ ಬರೆದವರು. ಯಜಮಾನರು ಅವರಿಗೂ ಒಂದು ಗಡುವು ಕೊಟ್ಟಿದ್ದರು. "ಈ ಒಂದು ಬಾರ್ಡರು ಈ ವಾರದೊಳಗೆ ಕಂಪ್ಯೂಟರ್‌ನಲ್ಲೇ ಮಾಡಿ ತೋರ್ಸು ರಂಗಪ್ಪ. ಆಗ್ಲಿಲ್ಲ ಅಂದ್ರೆ ಬೆಂಗಳೂರಿಂದ ಡಿಸೈನ್ ತರಿಸ್ಕೋತೀನಿ."

ನನ್ನ ಪ್ರೋಗ್ರಾಂ ಓಡಬೇಕಾದರೆ ರಂಗಪ್ಪನವರ ಡಿಸೈನ್ ಪ್ರೋಗ್ರಾಂ ಮುಚ್ಚಿರಬೇಕಿತ್ತು. ಒಂದರ ಒಳಗಿಂದ ಇನ್ನೊಂದನ್ನು ಮುಚ್ಚಿಸಲು ಎರಡು ದಾರಿ. ಮುಚ್ಚಿಕೋ ಎಂದು ಕೇಳುವುದು ಒಂದು. ಆಗ ಅದು, ಮಾಡಿದ್ದನ್ನು ಉಳಿಸಬೇಕೇ ಎಂದು ಪರದೆಯ ಮೇಲೆ ಪ್ರಶ್ನೆ ಹಾಕಿ, ಯಾರಾದರೂ ಉತ್ತರಿಸುವ ತನಕ ಕೂತೇ ಇರುತ್ತದೆ. ಇನ್ನೊಂದು, ಮಾತೇ ಇಲ್ಲ, ಕತ್ತು ಹಿಡಿದು ಆಚೆಗೆ ನೂಕುವುದು. ರಂಗಪ್ಪ ಟೀಗೆ ಹೋದಾಗಲೆಲ್ಲ ಆ ಪ್ರಶ್ನೆಯ ಮುಂದೆ ಕಾದು ಕಾದು ನನಗೆ ರೇಗಿಹೋಗಿತ್ತು. ಎರಡನೆಯದನ್ನೇ ಬರೆದೆ. ಎರಡೇ ಸಾಲು. ಜಾಣತನ ಎಂದುಕೊಂಡೆ.

ಅವರದೊಂದು ಪದ್ಧತಿ ನನಗೆ ಗೊತ್ತಿರಲಿಲ್ಲ. ಮೊದಲ ಸೀರೆ ಮಗ್ಗದಿಂದ ಇಳಿಯುವ ತನಕ ಬಾರ್ಡರಿಗೆ ಹೆಸರಿಡುತ್ತಿರಲಿಲ್ಲ. ಹೊಟ್ಟೆಯಲ್ಲಿರುವ ಮಗುವಿಗೆ ಯಾರಾದರೂ ನಾಮಕರಣ ಮಾಡುತ್ತಾರೆಯೇ? ಕಂಪ್ಯೂಟರೋ, ಹೆಸರು ಕೊಡದೆ ಏನನ್ನೂ ಉಳಿಸಿಕೊಳ್ಳುವುದಿಲ್ಲ. ಹಾಗಾಗಿ ರಂಗಪ್ಪ ಉಳಿಸುವ ಗೋಜಿಗೇ ಹೋಗದೆ, ಆರು ದಿನದಿಂದ ಕಂಪ್ಯೂಟರನ್ನು ಆರಿಸದೆ, ಕೀಬೋರ್ಡಿಗೆ ಟವೆಲ್ ಹೊದಿಸಿ ಮನೆಗೆ ಹೋಗುತ್ತಿದ್ದರು. ನಾನು ವಾರಕ್ಕೊಮ್ಮೆ ದೇವನಹಳ್ಳಿಯಿಂದ ಬರುತ್ತಿದ್ದವನು, ಆ ಟವೆಲ್ ಧೂಳಿಗೆ ಎಂದೇ ತಿಳಿದಿದ್ದೆ.

ಅಂದು ಅವರು ಊಟಕ್ಕೆ ಹೋಗಿದ್ದರು. ಹಳೆಯ ಡಿಸೈನೊಂದನ್ನು ಹಾಕಿ ನನ್ನ ಪ್ರೋಗ್ರಾಂ ಓಡಿಸಿದೆ. ಪರದೆಯ ಮೇಲಿದ್ದ ಅವರ ಡಿಸೈನಿನ ಕಿಟಕಿ ತಟ್ಟನೆ ಮಾಯವಾಯಿತು. ನನಗೆ ಸಂತೋಷವೇ ಆಯಿತು, ನಾಚಿಕೆಬಿಟ್ಟು ಹೇಳುತ್ತೇನೆ.

ಬಂದವರು ಪರದೆ ನೋಡಿ, "ಸಾರ್, ನನ್ ಬಾರ್ಡರ್ ಎಲ್ಲೋಯ್ತು?" ಎಂದರು.

"ಕರೆಂಟ್ ಹೋಗಿರಬೇಕು" ಎಂದೆ.

ಗೋಡೆಯಾಚೆ ಎಂಟೂ ಮಗ್ಗಗಳು ಬೆಳಗಿನಿಂದ ಒಮ್ಮೆಯೂ ನಿಲ್ಲದೆ ಕಿವಿ ಕಿತ್ತುಹೋಗುವಂತೆ ಬಡಿಯುತ್ತಿದ್ದವು. ರಂಗಪ್ಪ ಒಂದು ಗಳಿಗೆ ಆ ಸದ್ದು ಕೇಳುತ್ತ ನಿಂತರು. "ಇರ್ಬೋದು ಬಿಡಿ" ಎಂದು ಟವೆಲ್ ಮಡಚಿ ಹೆಗಲಿಗೆ ಹಾಕಿಕೊಂಡರು. ಸಂಜೆ ಯಜಮಾನರಿಗೆ, "ನಾನೇ ಏನೋ ಒತ್ಬಿಟ್ಟೆ ಯಜಮಾನ್ರೆ, ಎಲ್ಲಾ ಹೋಯ್ತು" ಎಂದರು. ನಾನು ಪಕ್ಕದಲ್ಲೇ ಇದ್ದೆ. ಡಿಸೈನು ಬೆಂಗಳೂರಿಂದ ಬರತೊಡಗಿತು. ರಂಗಪ್ಪ ಅದೇ ಶೆಡ್ಡಿನಲ್ಲಿ ಎಳೆ ಕೆಚ್ಚುವ ಕೆಲಸಕ್ಕೆ, ಅಂದರೆ ಮುಗಿದ ಹಾಸಿನ ಒಂದೊಂದು ಎಳೆಗೂ ಹೊಸ ಎಳೆ ಹೊಸೆದು ಕೂಡಿಸುವ ಕೆಲಸಕ್ಕೆ ಕೂತರು. ನನ್ನ ಪ್ರೋಗ್ರಾಂ ಒಪ್ಪಿಗೆಯಾಯಿತು. ಅದರ ಬಲದ ಮೇಲೆ ಮುಂದೆ ಬೇರೆ ಕೆಲಸಗಳೂ ಸಿಕ್ಕವು.

ಲ್ಯಾಪ್‌ಟಾಪ್ ಕೇಳಿದ ಪ್ರಶ್ನೆ ಈ ಸಲ ಯಾಕೋ ಬಿಡಲಿಲ್ಲ. ಭಾನುವಾರ ದೊಡ್ಡಬಳ್ಳಾಪುರಕ್ಕೆ ಹೋಗಿ ಅವರ ಮನೆ ಹುಡುಕಿದೆ. ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಗುರುತು ಹಿಡಿದು, ಮೊರವನ್ನು ನನ್ನತ್ತಲೂ ಸರಿಸಿದರು. ಸುಲಿಯುತ್ತಲೇ ಎಲ್ಲ ಹೇಳಿದೆ, ಎರಡು ಸಾಲಿನ ಸಮೇತ.

"ಅವತ್ತೇ ಗೊತ್ತಿತ್ತು ಸಾರ್" ಎಂದರು.

"ಮತ್ತೆ ತಪ್ಪು ನಿಮ್ಮದು ಅಂತ ಯಾಕೆ ಹೇಳಿದಿರಿ?"

"ನಿಜ ಹೇಳಿದ್ರೆ ಯಜಮಾನ್ರು ನಿಮ್ಮನ್ನ ಓಡಿಸ್ಬಿಡೋರು. ನನಗೆ ಎಳೆ ಕೆಚ್ಚೋದಾದ್ರೂ ಬರ್ತಿತ್ತು." ಕೈಯಲ್ಲಿದ್ದ ಸಿಪ್ಪೆಯನ್ನು ಪಕ್ಕಕ್ಕೆ ಹಾಕಿದರು. "ನಿಮಗೆ ಪ್ರೋಗ್ರಾಂ ಬರೆಯೋದು ಬಿಟ್ರೆ ಇನ್ನೇನು ಬರ್ತಿತ್ತು?"